ಬಾಯಿಲ್ಲದ್ದು

ಬೂದಿಯ ಮೇಲೆ ಟೆಂಪೋ ಹರಿದ ದಿನ
ಬೇಸಿನ್ನಿನಲ್ಲಿ ಗೂಡು ಕುದಿಯುತ್ತಿದ್ದ ಹಾಗೇ ಬಿಟ್ಟು
ಬರಿಗಾಲಲ್ಲಿ ಓಡಿದ್ದೆ, ಗೂಡಿನ ಮಾರ್ಕೆಟ್ಟಿನ ತಿರುವಿನವರೆಗೂ.
ಎಳೆ ಹರಿದು, ಚರಕ ಬರಿದೇ ತಿರುಗಿ,
ಇನಾಯತ್ ಸಾಹೇಬರು ಅರ್ಧ ದಿನದ ಕೂಲಿ ಹಿಡಿದರು.
ಹಿಡಿಯಲಿ.
ನನ್ನ ಮಡಿಲಲ್ಲಿ ಅದರ ತಲೆ, ಬಾಯಲ್ಲಿ ಇನ್ನೂ
ಬೆಳಗ್ಗೆ ಹಿತ್ತಲಲ್ಲಿ ಹೆಕ್ಕಿ ತಿಂದ ಬೆಂದ ಹುಳದ ವಾಸನೆ.

ಅಕ್ಕನಿಗೆ ಲಕ್ವ ಹೊಡೆದ ದಿನ
ಸುದ್ದಿ ತಂದ ಹುಡುಗನಿಗೆ, ಬರ್ತೀನಿ ನಡಿ, ಅಂದೆ.
ಪಾಳಿ ಮುಗಿಸಿದೆ. ಕೈ ತೊಳೆದೆ.
ಬಿಸಿನೀರಿಗೆ ಬೆಂದ ಬೆರಳ ತುದಿಯ ಸಿಪ್ಪೆ ಕಿತ್ತೆ.
ದಾರಿಯಲ್ಲಿ ನಿಂತು ಒಂದು ಟೀ ಕೂಡ ಕುಡಿದೆ.

ಮರುದಿನ ಶಮೀಮ ಕೇಳಿದಳು, ಎಳೆ ಹುಡುಕುತ್ತಾ, ತಲೆ ಎತ್ತದೆ:
ಆಂಜಿನಕ್ಕಾ, ನಾಯಿಗೆ ಮೂರು ದಿನ ಅತ್ತೆ.
ಇದಕ್ಕೆ?

ಏನು ಹೇಳಲಿ.
ನಾನೊಬ್ಬಳೇ ಏನಲ್ಲ, ಅಂದೆ.
ಡೈರಿಯ ದ್ಯಾವಪ್ಪ, ಹೆಂಡತಿಗೆ ದಿನಾ ಕೈ ಎತ್ತುವವನು,
ಕರು ಸತ್ತಾಗ ಎರಡು ಹೊತ್ತು ಮುದ್ದೆ ಮುಟ್ಟಲಿಲ್ಲ.
ನಾಯಿ ಲೆಕ್ಕ ಇಡುವುದಿಲ್ಲ, ಅಂದೆ.
ಅಕ್ಕ ಇಡುತ್ತಾಳೆ: ನನ್ನ ಮದುವೆಗೆ ಕೊಟ್ಟ ಎರಡು ಕೊಳಗ,
ಅಮ್ಮನ ಓಲೆ, ನಡುಗೋಡೆಯ ಒಂದು ಮೊಳ,
ನಲ್ಲಿಯ ಬಳಿ, ಕೊಡಗಳ ಸಾಲಿನೆದುರು,
ಬಂಜೆ ಅಂದ ಆ ಒಂದು ಮಾತು.
ಇಲ್ಲ, ಅದರ ಲೆಕ್ಕ ಇಟ್ಟವಳು ನಾನು.

ಆಮೇಲೆ ಅಂದೆ: ಅದಕ್ಕೆ ಬಾಯಿಲ್ಲ ಕಣೇ. ಮೂಕಪ್ರಾಣಿ.
ನೋವು ಅಂತ ಹೇಳಲಾರದು,
ನೀನೇ ಕಾರಣ ಅಂತಲೂ ಹೇಳಲಾರದು.
ಶಮೀಮ ನಕ್ಕಳು. ಜಾಲರಿ ಸೌಟಲ್ಲಿ
ಬೇಸಿನ್ನಿನಿಂದ ಒಂದು ಹಿಡಿ ಎತ್ತಿ ತೋರಿಸಿದಳು:
ಇವಕ್ಕಿದೆಯಾ?

ದಿನಕ್ಕೆ ಎಷ್ಟು ಸಾವಿರವೋ, ಇಪ್ಪತ್ತೆರಡು ವರ್ಷದಲ್ಲಿ ಎಣಿಸಿಲ್ಲ.
ರೆಕ್ಕೆ ಬಂದು ಹಾರಿದ್ದರೂ ಚಿಟ್ಟೆಗೆ ತಿನ್ನುವ ಬಾಯಿರದಂತೆ;
ತರಬೇತಿಯಲ್ಲಿ ಇಲಾಖೆಯವರು ಹೇಳಿದ್ದರು, ನಾನು ಆಕಳಿಸಿದ್ದೆ.
ಒಂದಕ್ಕೂ ಅತ್ತವಳಲ್ಲ.
ಅವು ನನ್ನನ್ನು ಕಂಡು ಬಾಲ ಆಡಿಸಲಿಲ್ಲ, ಅಷ್ಟೇ ಇರಬೇಕು.
ಹಾಗಾದರೆ ನನ್ನದು ಕರುಣೆಯೋ,
ಬಾಲಕ್ಕೆ ಕೊಟ್ಟ ಕೂಲಿಯೋ?

ನಡುಗೋಡೆ ದಾಟಲು ಹನ್ನೊಂದು ವರ್ಷ ಹಿಡಿದಿತ್ತು.
ಒಳಗೆ ಪ್ಲಾಸ್ಟಿಕ್ ಹಾಸಿದ ಮಂಚದ ಮೇಲೆ ಪಾಪಮ್ಮ.
ಹೆಸರೇ ಪಾಪಮ್ಮ; ಆದರೂ ಒಂದು ದಿನ ಪಾಪ ಅನ್ನಿಸಿದ್ದಿಲ್ಲ.
ತುಟಿ ಎಡಕ್ಕೆ ಜಾರಿತ್ತು. ಕನ್ನಡದ ಬೈಗುಳ, ತೆಲುಗಿನ ಬೈಗುಳ
ಎರಡೂ ಒಳಗೆಲ್ಲೋ ಬಿದ್ದುಹೋಗಿ
ಕಣ್ಣು ಮಾತ್ರ ಗಂಜಿಯ ಬಟ್ಟಲಿನ ಹಿಂದೆ, ಹಿಂದೆ.
ಆ ನೋಟ ನನಗೆ ಗೊತ್ತಿತ್ತು.
ಕಾರ್ಖಾನೆಯ ಹಿತ್ತಲಲ್ಲಿ ದಿನಾ ಕಂಡಿದ್ದೆ.

ಗಂಟಲು ಕಟ್ಟಿತು. ಅಷ್ಟು ದಿನ ಬಾರದ್ದು ಬಂದು
ಮೂಗಿನ ತುದಿಯಿಂದ ಗಂಜಿಗೇ ತೊಟ್ಟಿಕ್ಕಿತು.
ಒಡಹುಟ್ಟಿದವಳಿಗೆ ಅಳು ಬರಲು
ಅವಳ ನಾಲಿಗೆ ಸಾಯಬೇಕಾಯಿತಲ್ಲ.
ಇದನ್ನು ಶಮೀಮಳಿಗೆ ಹೇಳಿಲ್ಲ.

ಈಗ ಏಳನೇ ವಾರ. ತಲೆ ಬಾಚುತ್ತೇನೆ, ಮಗ್ಗುಲು ಹೊರಳಿಸುತ್ತೇನೆ,
ಬೂದಿಯ ಹತ್ತಿರ ಆಡುತ್ತಿದ್ದ ದನಿಯಲ್ಲೇ ಆಡುತ್ತೇನೆ:
ತಿನ್ನೇ, ಜಾಣೆ, ಇನ್ನೊಂದೇ ತುತ್ತು.
ಮಾತು ಮರಳಬಹುದು, ಅಂದರು ಚಿಕ್ಕಬಳ್ಳಾಪುರದ ಡಾಕ್ಟರು.
ಒಳ್ಳೇದಾಯ್ತು ಸಾರ್, ಅಂದೆ.
ಶಿಡ್ಲಘಟ್ಟ ಬರುವ ತನಕ
ಬಸ್ಸಿನ ಕಿಟಕಿಯಾಚೆಯೇ ನೋಡುತ್ತಾ ಕೂತೆ.

ಈ ರಾತ್ರಿ ತುಟಿ ಅಲುಗುತ್ತಿದೆ.
ಮೊದಲು ಗಾಳಿ, ಆಮೇಲೆ ಜೊಲ್ಲು, ಆಮೇಲೆ
ಒಂದೇ ಅಕ್ಷರ: ಬ.
ಬಾ ಎಂದೋ, ಬಿಸಿ ಎಂದೋ, ಬೇಡ ಎಂದೋ,
ನಲ್ಲಿಯ ಬಳಿಯ ಅದೇ ಮಾತೋ.
ಚಮಚ ಅರ್ಧದಲ್ಲಿ ನಿಂತಿದೆ. ಗಂಜಿ ಆರುತ್ತಿದೆ.
ಹೇಳಕ್ಕಾ, ಅನ್ನುತ್ತೇನೆ,
ಹೇಳಿಬಿಡು.