ಮಿಸ್ ಫೆನ್ವಿಕ್‌ಳ ಜಮಾಖರ್ಚು

ಗೋರಿಕಲ್ಲಿನ ಮೇಲೆ 'ದಯಾಮಯಿ' ಎಂದು ಕೆತ್ತಿಸಿದ್ದಾರೆ ಪಾದ್ರಿಗಳು,
ಅಕ್ಷರಕ್ಕೆ ಎರಡು ಪೆನ್ನಿಯಂತೆ.
ಅವಳಿದ್ದಿದ್ದರೆ ಕೇಳುತ್ತಿದ್ದಳು:
ಅಷ್ಟಕ್ಕೆ ಎಷ್ಟು ಬ್ರೆಡ್ಡು ಬರುತ್ತಿತ್ತು, ಇಸಬೆಲ್?

ದಯೆ ಗಿಯೆ ನಾನು ಕಾಣೆ.
ಕುಂಚ ಸರಿಯಾಗಿ ತೊಳೆದಿಲ್ಲವೆಂದು
ಬಟ್ಟಲ ನೀಲಿ ನೀರನ್ನೆಲ್ಲ ನನ್ನ ಮೇಲೆ ಎರಚಿದವಳು.
ಮರುದಿನ ಪುಸ್ತಕದಲ್ಲಿ ಬರೆದಿತ್ತು:
ಇಸಬೆಲ್‌ಗೆ ಹೊಸ ಏಪ್ರನ್, ಒಂದು ಶಿಲಿಂಗ್.
ಬಾಬ್ತು: ನನ್ನ ಸಿಟ್ಟು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತಾರೆ.
ಇವಳು ಎರಡೂ ಕೈಗಳಿಂದ ರಶೀದಿ ಕೇಳುತ್ತಿದ್ದಳು.

ನಾನು ಓದಲು ಕಲಿತದ್ದು ಆ ಪುಸ್ತಕದಲ್ಲೇ,
ಒಲೆಯ ಪಕ್ಕ, ಬೆರಳಿಟ್ಟು, ಕೂಡಿಸಿ ಕೂಡಿಸಿ:
ಕೋಬಾಲ್ಟ್ ನೀಲಿ, ಒಂದು ಟ್ಯೂಬು.
ವಿಧವೆ ಆರ್ಚ್‌ಬೋಲ್ಡ್‌ಗೆ ಕಲ್ಲಿದ್ದಲು, ಅರ್ಧ ಗಾಡಿ.
ಅಳಿಲುಗೂದಲ ಕುಂಚ.
ಮುಳುಗಿದ ದೋಣಿಯವರಿಗೆ ಶವಪೆಟ್ಟಿಗೆ, ನಾಲ್ಕು.
ಬಳಸಿದ್ದು ಮೂರು.

ವಿಧವೆ ಆರ್ಚ್‌ಬೋಲ್ಡ್ ನನ್ನಮ್ಮ.
ನಾಲ್ಕನೆಯದು ಅಪ್ಪನದು. ಸಮುದ್ರ ಅವನನ್ನು ಮರಳಿಸಲಿಲ್ಲ.
ಬಡಗಿ ಪೆಟ್ಟಿಗೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಜಮೆಯ ಪುಟ ಬೇರೆ.
ಲಂಡನ್ನಿನ ಹೆಂಗಸರಿಗೆ ಗುಲಾಬಿಯ ಚಿತ್ರ ಬೇಕು.
ಉಪ್ಪುಗಾಳಿ ಬೀಸುವ ನಾರ್ತಂಬರ್‌ಲ್ಯಾಂಡಿನ ನಮ್ಮ ದಂಡೆಯಲ್ಲಿ
ಗುಲಾಬಿ ಎಲ್ಲಿ?
ಮೇಣದ್ದೊಂದನ್ನು ಕಿಟಕಿಯಲ್ಲಿಟ್ಟು
ಮೂವತ್ತು ವರ್ಷ ಅದನ್ನೇ ಬಿಡಿಸಿದಳು, ಬಯ್ಯುತ್ತ.

ರಾತ್ರಿ ಕತೆ ಬರೆಯುತ್ತಿದ್ದಳು, ಮಕ್ಕಳ ಪತ್ರಿಕೆಗೆ.
ಕತೆಗೊಂದು ಗಿನಿ.
ಒಳ್ಳೆಯ ಮಗು ಕೊನೆಗೆ ಸತ್ತರೆ
ಇನ್ನೂ ಐದು ಶಿಲಿಂಗ್, ಸಂಪಾದಕರ ಪ್ರೀತಿಯಿಂದ.
ಕೊಂದಳು. ಜ್ವರದಲ್ಲಿ, ಹಿಮದಲ್ಲಿ,
ಒಮ್ಮೆ ಬೈಬಲ್ ಎದೆಗವಚಿಕೊಂಡು.
ಆ ಚಳಿಗಾಲ ಬಂದರಿನ ಹನ್ನೊಂದು ಮನೆಗಳಲ್ಲಿ
ಓಟ್ಸ್ ಗಂಜಿ ಬೇಯುತ್ತಿತ್ತು.
ಕತೆಯಲ್ಲಿ ಸತ್ತ ಮಕ್ಕಳ ದುಡ್ಡಲ್ಲಿ
ನಾವು ಬದುಕಿದೆವು.

ಮಾರದ ಚಿತ್ರಗಳೂ ಇದ್ದವು.
ಹೆರಿಂಗ್ ಮೀನಿನ ಹೊಟ್ಟೆ ಸೀಳುವ ಹೆಂಗಸರ ಕೈಗಳು,
ಚಾಕು ತಾಗದಿರಲೆಂದು ಬೆರಳಿಗೆ ಸುತ್ತಿದ ಚಿಂದಿ,
ಚಿಂದಿಯನ್ನೂ ದಾಟಿದ ಉಪ್ಪು.
ಇದನ್ನು ಯಾರು ಗೋಡೆಗೆ ಹಾಕ್ತಾರೆ ಎಂದು
ಅಟ್ಟದಲ್ಲಿದ್ದ ಅಪ್ಪನ ಪೆಟ್ಟಿಗೆಯಲ್ಲಿ ತುಂಬಿಡುತ್ತಿದ್ದಳು.
ಒಣ ಜಾಗ, ಅನ್ನುತ್ತಿದ್ದಳು.

ಮೊನ್ನೆ, ಉಸಿರು ಗೊರಗೊರ ಎನ್ನುತ್ತಿರುವಾಗ, ಪುಸ್ತಕ ತರಿಸಿದಳು.
ಕೈ ನಡುಗಿ ಗೆರೆ ದಾಟಿದ ಅಕ್ಷರ:
ಪೆಟ್ಟಿಗೆ, ಒಂದು. ಒಡೆಯಳು ಇಸಬೆಲ್.
ಕೊಟ್ಟರೆ, ಖರ್ಚು ಸೊನ್ನೆ.
ನನ್ನತ್ತ ನೋಡಲಿಲ್ಲ. ಶಾಯಿ ಒಣಗಲೆಂದು ಊದಿದಳು.

ಅಪ್ಪ ಆರಡಿ ಆಳು. ಅವಳು ಗುಬ್ಬಿಯಷ್ಟು.
ಚಿತ್ರಗಳನ್ನೆಲ್ಲ ಹೊರತೆಗೆದೆ, ಎಣಿಸಿದೆ, ಬರೆದಿಟ್ಟೆ.
ಕಾಲ ಬಳಿ ಜಾಗ ಉಳಿದಿತ್ತು.
ಅಮ್ಮನ ಕೈಗಳನ್ನು ಅಲ್ಲೇ ಬಿಟ್ಟೆ.

ಪುಸ್ತಕದಲ್ಲಿ ಅದೊಂದನ್ನು ಇನ್ನೂ ಬರೆದಿಲ್ಲ.
ಯಾವ ಪುಟಕ್ಕೆ ಸೇರುತ್ತದೋ ಗೊತ್ತಾಗುತ್ತಿಲ್ಲ.