ಟ್ರೇಯಲ್ಲಿ ಬಾವಿ

ಮುಹರ್ರಕ್ಕಿನ ಈ ಗಲ್ಲಿಯಲ್ಲಿ
ಚೌಕಟ್ಟು ಕಟ್ಟುವ ಅಂಗಡಿ ನಮ್ಮದೊಂದೇ.
ಆಗಸ್ಟಿನ ನಡುಹಗಲು ಡಚ್ ಹೆಂಗಸೊಬ್ಬಳು
ಟವೆಲಿನಲ್ಲಿ ಸುತ್ತಿ ತಂದಳು ಒಂದು ಹಳೇ ಮುದ್ರಣ.
ಗಾಜಿಗೆ ಅಂಟಿದೆ, ಮೂಲೆಗೆ ಹುಳ ಬಿದ್ದಿದೆ.
"ನಡುವಿನ ಕಲೆ ಹೋದರೆ ಸಾಕು" ಅಂದಳು, ಹೋದಳು.

ಭೂತಗನ್ನಡಿ ಇಟ್ಟು ನೋಡಿದೆ.
ಬಾವಿಕಟ್ಟೆ. ಕೂತವನ ಕಾಲಿಗೆ ಧೂಳು; ಧೂಳೂ ಗೆರೆಯೇ,
ಮುನ್ನೂರೈವತ್ತು ವರ್ಷದ ಕೆಳಗೆ ಯಾರೋ ತಾಮ್ರದಲ್ಲಿ ಉತ್ತ ಗೆರೆ.
ಎದುರು ಸಮಾರ್ಯದವಳು, ಸೊಂಟಕ್ಕೆ ಕೊಡ,
ಮುಖದಲ್ಲಿ ನನಗೆ ಗೊತ್ತಿರುವ ಅನುಮಾನ:
ನಮ್ಮ ಕೈಯ ನೀರನ್ನು ನೀವು ಕೇಳುವುದುಂಟೇ?
ದೂರದಲ್ಲಿ ಪೇಟೆಯಿಂದ ರೊಟ್ಟಿ ತರುತ್ತಿರುವ ಶಿಷ್ಯರು
ಒಬ್ಬರ ಕಿವಿಯಲ್ಲೊಬ್ಬರು.
ಇಬ್ಬರ ಕೈ ನಡುವೆ ಕೆತ್ತಿದವನು ಏನೂ ಕೆತ್ತಿಲ್ಲ,
ಬರೀ ಕಾಗದ. ಕಲೆ ಬಿದ್ದದ್ದು ಅಲ್ಲೇ,
ಚಾ ಬಣ್ಣದ್ದು, ಹುಣಸೆ ಬೀಜದಷ್ಟು.

ನನ್ನಜ್ಜಿ ದುಗ್ಗು, ಗುತ್ತಿನ ಮನೆಯ ಬಾವಿಯಿಂದ
ಹನ್ನೆರಡು ಮಾರು ದೂರ ನಿಲ್ಲುತ್ತಿದ್ದಳು
ಕೊಡ ನೆಲದಲ್ಲಿಟ್ಟು, ಯಾರಾದರೂ ಸೇದಿ ಹೊಯ್ಯುವವರೆಗೆ.
ಹೊಯ್ಯುವ ಕೈ ಎಷ್ಟು ಎತ್ತರವೆಂದರೆ
ಅರ್ಧ ನೀರು ಗಾಳಿಗೆ.
ಆ ಎತ್ತರದ ಅಂದಾಜು ನನ್ನ ಕೈಗೂ ಬಂದಿತ್ತು:
ಇಲ್ಲಿ ಮೊದಲ ದಿನ ಮುದುಕ ಜಾಸಿಮ್
ತಾನು ಅರ್ಧ ಕುಡಿದ ಲೋಟ ಚಾಚಿದಾಗ
ನಾನು ಬೊಗಸೆ ಒಡ್ಡಿದೆ.
ಅವನಿಗೆ ತಿಳಿಯಲಿಲ್ಲ.
ಕೈ ತೊಳೆಯುವುದಕ್ಕೆಂದುಕೊಂಡು ಮೂಲೆಯ ನಲ್ಲಿ ತೋರಿಸಿದ.

ಇವತ್ತು ಟ್ರೇ ತುಂಬಿಸುತ್ತಾ ಅವನ ಅದೇ ಕತೆ:
ಅಜ್ಜ ಮುತ್ತಿಗಲ್ಲ, ನೀರಿಗೆ ಮುಳುಗುತ್ತಿದ್ದನಂತೆ;
ಉಪ್ಪುಕಡಲ ತಳದಲ್ಲಿ ಸಿಹಿನೀರ ಒರತೆ,
ತೊಗಲ ಚೀಲದ ಬಾಯಿ ಅದಕ್ಕೆ ಹಿಡಿದು
ಉಸಿರಿರುವಷ್ಟು ತುಂಬಿಕೊಂಡು ಮೇಲೆ.
"ಈಗ ಬತ್ತಿದೆ. ಈಗ ಕಂಪನಿ ನೀರು" ಎಂದು
ಕ್ಯಾನಿನ ಬಿರಡೆ ತಿರುಗಿಸಿದ.

ಎರಡೆರಡು ಮೂಲೆ ಹಿಡಿದು ಇಳಿಸಿದೆವು.
ಕಾಗದ ಮೊದಲು ಬೆದರಿತು, ಆಮೇಲೆ ಕುಡಿಯಿತು.
ಬಾವಿ, ಹಗ್ಗ, ಪಿಸುಮಾತು, ರೊಟ್ಟಿ, ಎಲ್ಲ ನೀರೊಳಗೆ.
ಮಸಿ ಬಿಡಲಿಲ್ಲ. "ಒಳ್ಳೇ ಮಸಿ" ಎಂದ ಜಾಸಿಮ್.
ನೀರು ಕಂದಿತು, ಚೆಲ್ಲಿದೆವು,
ಎರಡನೇ ಸಲ, ಮೂರನೇ ಸಲ.

ಪೂರ್ತಿ ಹೋಗಲಿಲ್ಲ.
ಕೈಗಳ ನಡುವೆ ಇನ್ನೂ ಒಂದು ನೆರಳು,
ಒದ್ದೆ ಲೋಟ ಎತ್ತಿದ ಮೇಲೆ ಮೇಜಿನಲ್ಲಿ ಉಳಿಯುವಂಥದ್ದು.
ಡಚ್ಚಿನವಳಿಗೆ ಹೇಳಬೇಕು:
ಇನ್ನೂ ತೊಳೆದರೆ ಕಾಗದ ತಾಳುವುದಿಲ್ಲ.

ಬಾಂಗ್ ಕೇಳಿ ಜಾಸಿಮ್ ಎದ್ದು ಹೋದ.
ಒದ್ದೆ ಕೈ ಒರೆಸದೆ ಕೂತೆ.
ನನಗೆ ಬಾಯಾರಿತ್ತೆಂದು
ಆಗ ಗೊತ್ತಾಯಿತು.