ಬೆರಳು

ಅಮ್ಮತ್ತಿಯ ಮೈದಾನ. ಮಳೆ ಒಂದು ಗಂಟೆ ರಜೆ ಕೊಟ್ಟಿದೆ.
ಮೈಸೂರಿನಿಂದ ಕರೆಸಿದ ಮೈಕಿನವನಿಗೆ
ನಮ್ಮ ಮನೆಹೆಸರು ಬಾಯಿಗೆ ಹತ್ತದೆ
ಎರಡು ಸಲ ತೊದಲಿ, ಕೊನೆಗೆ
"ಬೊಳ್ಳವ್ವ, ಹಿಂದಿನ ಚಾಂಪಿಯನ್" ಅನ್ನುತ್ತಾನೆ.
'ಹಿಂದಿನ' ಎಂಬುದನ್ನು
ಅಷ್ಟು ಒತ್ತಿ ಹೇಳಬೇಕಾಗಿರಲಿಲ್ಲ.

ದೂರದ ಮರದಲ್ಲಿ ತೆಂಗಿನಕಾಯಿ ತೂಗುತ್ತಿದೆ.
ಅದಕ್ಕೇನು, ಯಾರ ಮೇಲೂ ಸಿಟ್ಟಿಲ್ಲ.

ಗುರಿ ತಪ್ಪುವುದು ಎಲ್ಲರಿಗೂ ಇದ್ದದ್ದೇ.
ಗಾಳಿ, ಬೆವರು, ರಾತ್ರಿ ತಿಂದ ಪಂದಿಕರಿ,
ನೆಪಕ್ಕೇನು ಬರಗಾಲ.
ನನ್ನದು ಅದಲ್ಲ.
ಕಾಯಿ ಬಂದು ಕೋವಿಯ ಗುರಿಮೊನೆಯ ಮೇಲೆ ಕೂರುತ್ತದೆ,
ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ.
ಆಗಲೇ ಬೆರಳು ಕಲ್ಲಾಗುತ್ತದೆ.
ಒಂದಿಂಚು ಆಚೆ ಸರಿದರೆ ಸಾಕು,
ಮತ್ತೆ ಜೀವ ಬರುತ್ತದೆ.
ಸರಿಯಿದ್ದಾಗ ಮಾತ್ರ ಹೆದರುವ ಬೆರಳನ್ನು
ಎಲ್ಲಿಗೆಂದು ಕರೆದುಕೊಂಡು ಹೋಗಲಿ?

ಹೋದೆ. ಮಡಿಕೇರಿಯ ಡಾಕ್ಟರು
ಸುತ್ತಿಗೆಯಿಂದ ಮೊಣಕೈ ತಟ್ಟಿ, "ನರ ಚೆನ್ನಾಗಿದೆ" ಅಂದರು.
ಚೆಂಗಪ್ಪ ಮಾವ, ಫೌಜಿನಲ್ಲಿ ಇಪ್ಪತ್ತೆರಡು ವರ್ಷ,
ಉಸಿರು ಅರ್ಧ ಬಿಡು, ಅರ್ಧ ಹಿಡಿ ಅಂದ.
ಅವ್ವ ತೋಕ್‌ಪೂವಿನ ಇನ್ನೊಂದು ಎಸಳು
ಕೋವಿಯ ಬಾಯಿಗೆ ಸಿಕ್ಕಿಸಿದಳು.
ಅತ್ತಿಗೆಯ ತಮ್ಮನದು ಒಂದೇ ಮದ್ದು: ಒಂದು ಪೆಗ್ಗು.
ಅದನ್ನೂ ನೋಡಿದೆ. ಬೆರಳು ಕಲ್ಲಾಗಿಯೇ ಇತ್ತು,
ನನಗೆ ಮಾತ್ರ ಬೇಜಾರಾಗಲಿಲ್ಲ.

ಯಾರಿಗೂ ಹೇಳದ್ದು ಒಂದಿದೆ.
ಮೂರು ವರ್ಷದ ಹಿಂದೆ, ಇದೇ ಗೆರೆಯಲ್ಲಿ,
ಬೆನ್ನ ಹಿಂದೆ ಯಾರೋ ಪಕ್ಕದವರಿಗೆ
ಪಿಸುಗುಟ್ಟಿದ್ದು ಕೇಳಿತ್ತು:
"ಇವಳು ಬಿಡು, ತಪ್ಪುವವಳೇ ಅಲ್ಲ."
ಬೈದಿದ್ದರೆ ಒದರಿಕೊಂಡು ಬಿಡುತ್ತಿದ್ದೆ.
ಹೊಗಳಿಕೆಗೆ ಕೊಕ್ಕೆ ಇರುತ್ತದೆ, ಅಟ್ಟೆಯ ಬಾಯಿಯ ಹಾಗೆ,
ಕಚ್ಚಿದ್ದು ತಿಳಿಯುವುದಿಲ್ಲ,
ಮನೆಗೆ ಬಂದು ಕಾಲುಚೀಲ ತೆಗೆದರೆ ರಕ್ತ.

ರಾತ್ರಿ ಖಾಲಿ ಕೋವಿ ಹಿಡಿದು
ಸುಣ್ಣದ ಗೋಡೆಯ ಮುಂದೆ ನಿಲ್ಲುತ್ತಿದ್ದೆ.
ಟಕ್. ಟಕ್. ಟಕ್.
ಬರಿ ಗೋಡೆಗೆ ಬೆರಳು ಎಷ್ಟು ವಿಧೇಯ!
ಗೋಡೆ ಏನನ್ನೂ ಕೇಳುವುದಿಲ್ಲವಲ್ಲ.

ಇವತ್ತು ನಿಂತಿದ್ದೇನೆ. ಮೊದಲ ಗುಂಡಿಗೆ
ಇಳಿಸಿದೆ ಕೋವಿ, ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ.
ಜನ ಸುಮ್ಮನಾದರು. ಆ ಸುಮ್ಮನೆಯೇ ಭಾರ.
ಆಗ ಯಾಕೋ ನೆನಪಾಯಿತು
ಕ್ಯೂರಿಂಗ್ ವರ್ಕ್ಸಿನ ನನ್ನ ಮೇಜು,
ಕಿಟಕಿಯ ಬೆಳಕು, ತಟ್ಟೆಯಲ್ಲಿ ಮುನ್ನೂರು ಗ್ರಾಂ ರೊಬಸ್ಟಾ.
ಕಪ್ಪು ಬೀಜ, ಹುಳ ಹಿಡಿದದ್ದು, ಒಡೆದದ್ದು.
ಕಣ್ಣು ಕಾಣುವ ಮೊದಲೇ ಎತ್ತಿ ಬಿಸಾಡುವುದು
ಇದೇ ಬೆರಳು.
ಬಾಯಿ ಆಗ ಪಕ್ಕದ ಸುಹರಾಳ ಹತ್ತಿರ
ಮೀನಿನ ರೇಟು ಮಾತಾಡುತ್ತಿರುತ್ತದೆ.

ಇಲ್ಲೂ ಮಾತಾಡಿದೆ, ತುಟಿಯೊಳಗೇ.
ಮತ್ತಿ ಎಷ್ಟು ಸುಹರಾ ಈ ವಾರ?
ಇನ್ನೂರಾ? ನಿನಗೇನು ತಲೆ ಕೆಟ್ಟಿದೆಯಾ,
ಕಳೆದ ಶುಕ್ರವಾರ ನೂರ ನಲವತ್ತಕ್ಕೆ

ಢಂ.

ಭುಜಕ್ಕೆ ಒದ್ದಾಗಲೇ ಗೊತ್ತಾದದ್ದು,
ಹಾರಿಸಿದವಳು ನಾನೇ ಎಂದು.

ಕಾಯಿ ಅಲ್ಲೇ ಇತ್ತು. ಅಲುಗಲೂ ಇಲ್ಲ.
ಮೇಲಿನ ಎಲೆಯೊಂದು ಮಾತ್ರ
ಹರಿದು, ಅವಸರವಿಲ್ಲದೆ ಇಳಿದು ಬಂತು.
"ಅಯ್ಯೋ" ಅಂದಿತು ಮೈದಾನ.
ಚೆಂಗಪ್ಪ ಮಾವ ಟೋಪಿ ತೆಗೆದು ತಲೆ ಕೆರೆದುಕೊಂಡ.
ನಾನು ನಗುತ್ತಿದ್ದದ್ದು ನೋಡಿ
ಮೈಕಿನವನಿಗೆ ಏನು ಹೇಳಬೇಕೆಂದು ತೋಚಲಿಲ್ಲ.

ಯಾರದೋ ಪುಟ್ಟ ಹುಡುಗ ಹುಲ್ಲಿನಲ್ಲಿ ತಡಕಾಡಿ
ಖಾಲಿ ತೋಟಾ ತಂದು ನನ್ನ ಅಂಗೈಯಲ್ಲಿಟ್ಟ,
ಸಮಾಧಾನ ಮಾಡುವ ಹಾಗೆ.
ಮುಚ್ಚಿ ಹಿಡಿದೆ.
ಇನ್ನೂ ಬಿಸಿಯಿತ್ತು.